ಬಿಳಿ ಬಳಿದ ಗುಳ್ಳೆ

ಟಿವಿಯಲ್ಲಿ ಹೆಣವೊಂದು ಹೊಲದ ಬದುವಿನ ಮೇಲೆ ಕಾಲೆಳೆಯುತ್ತ ಬಂದು ತನ್ನ ಮನೆಯ ಬಾಗಿಲಲ್ಲಿ ನಿಂತಿತು. ಒಳಗಿಂದ ಬಂದ ಹೆಂಡತಿ ಹಿಂದುಮುಂದು ನೋಡದೆ ಕೊಡಲಿ ಬೀಸಿದಳು.

"ಅಯ್ಯೋ, ಮೂಳಿ!" ಎಂದರು ಅತ್ತಿಗೆ. "ನಾನಾಗಿದ್ರೆ ಹೊಡೀತಿದ್ನಾ? ಮೊದ್ಲು ಆ ಕೆಸರುಗಾಲು ಒರೆಸ್ಕೊಳ್ಳಿ ಅಂತಿದ್ದೆ."

ಪಕ್ಕದಲ್ಲಿ ಕೂತಿದ್ದ ಅಕ್ಷರದವನು ನಗಲಿಲ್ಲ. ಟಿವಿಯವರು ತೆರೆಗೆ ತಂದಿದ್ದ ಆ ಜೋಂಬಿ ಕಾಮಿಕ್ಸಿನ ಚಿತ್ರಗಳು ಅತ್ತಿಗೆಯ ಗಂಡನವು. ಪಾತ್ರಗಳ ತಲೆಯ ಮೇಲಿನ ಗುಳ್ಳೆಗಳೊಳಗೆ ಅವುಗಳ ಮಾತು ಬರೆಯುತ್ತಿದ್ದವನು ಇವನು. ಒಡಹುಟ್ಟಿದವನಲ್ಲದಿದ್ದರೂ ಅವರನ್ನು ಅಣ್ಣ ಎಂದೇ ಕರೆದವನು. ಅಣ್ಣ ತೀರಿಕೊಂಡ ಮೇಲೆ, "ಟಿವಿಯವ್ರಿಗೆ ಕೊಡಿ, ಇದ್ದದ್ದು ಇದ್ದ ಹಾಗೇ ತೋರಿಸ್ತಾರೆ" ಎಂದು ಅತ್ತಿಗೆಯನ್ನು ಒಪ್ಪಿಸಿದವನೂ ಇವನೇ.

ಅಣ್ಣನ ಹೆಣಗಳು ಯಾರನ್ನೂ ಕಚ್ಚುತ್ತಿರಲಿಲ್ಲ. ಒಂದು ಬಾವಿಯ ರಾಟೆ ಹಿಡಿದು ನಿಲ್ಲುತ್ತಿತ್ತು. ಇನ್ನೊಂದು ಅರ್ಧ ಕಟ್ಟಿದ ಬೇಲಿಗೆ ಮುಳ್ಳು ಹೊರುತ್ತಿತ್ತು. "ಸತ್ತೋರು ಬಿಟ್ಟ ಕೆಲಸಕ್ಕೆ ಬರ್ತಾರೆ ಕಣೋ. ಕಚ್ತಾರೆ ಅನ್ನೋದು ಬದುಕಿದ್ದೋರ ಅಳುಕು" ಎನ್ನುತ್ತಿದ್ದರು ಅಣ್ಣ. ಹೆಣ ಮಾತಾಡಬಾರದು ಎಂಬುದು ಅವರೇ ಹಾಕಿದ ಕಟ್ಟಳೆ.

"ಇದ್ರಲ್ಲಿ ಬರೀ ಕಚ್ಚೋದೇ ಆಯ್ತಲ್ಲ ತಮ್ಮಾ" ಎನ್ನುತ್ತ ಅತ್ತಿಗೆ ಟಿವಿ ಆರಿಸಿ, ಪೆಟ್ಟಿಗೆಯಿಂದ ಕೊನೆಯ ಪುಟದ ಮೂಲಚಿತ್ರ ತೆಗೆದರು. ಅಣ್ಣ ಕಾಯಿಲೆಯಲ್ಲಿ ಬರೆದದ್ದು. ಬಾಗಿಲಲ್ಲಿ ನಿಂತ ಹೆಣಕ್ಕೆ ಅಣ್ಣನದೇ ಮುಖ. ಹೊಸ್ತಿಲ ಒಳಗೆ ಲಾಟೀನು ಎತ್ತಿ ಹಿಡಿದ ಹೆಂಡತಿ. ಪುಸ್ತಕ ಅಲ್ಲಿಗೇ ಮುಗಿದಿತ್ತು, ಕೊಡಲಿ ಟಿವಿಯವರದು.

ಅತ್ತಿಗೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ತಲೆ ಮೇಲೆ ಇದೇನು, ಬಿಳಿ ಬಳಿದಿದೆ? ಅಡೀಲಿ ದುಂಡಗೆ ಗೆರೆ ಕಾಣ್ತದೆ."

ಆ ಹೆಣದ ತಲೆಯ ಮೇಲೆ ಅಣ್ಣ ಖಾಲಿ ಗುಳ್ಳೆಯೊಂದನ್ನು ಬಿಟ್ಟಿದ್ದರು. ಮಾತುಗಳನ್ನು ಅವರು ಎಂದೂ ಬರೆದುಕೊಟ್ಟವರಲ್ಲ. ಎದುರು ಕೂತು ಅವರು ಹೇಳುವುದು, ಇವನು ಬರೆಯುವುದು. ಆ ಸಲವೂ ಮಂಚದ ಬಳಿ ಹೋಗಿ ಕೇಳಬಹುದಿತ್ತು. ಪಾಪ, ಕಟ್ಟಳೆ ಮರೆತಿದ್ದಾರೆ, ಕಾಯಿಲೆಯ ಕೈತಪ್ಪು ಎಂದುಕೊಂಡು, ಅವರ ಮಾನ ಉಳಿಸುವವನಂತೆ ಬಿಳಿ ಬಳಿದುಬಿಟ್ಟಿದ್ದ.

"ಗುಳ್ಳೆ, ಅತ್ತಿಗೆ. ನಾನೇ ಮುಚ್ಚಿದೆ. ಕೇಳ್ಲಿಲ್ಲ."

ಅತ್ತಿಗೆ ಆ ಬಿಳಿಯ ಮೇಲೆ ಬೆರಳಾಡಿಸಿದರು. "ಬದುಕಿದ್ದಾಗ ಹತ್ತು ಸಲ ಕೂಗಿದ್ರೂ ಓಗೊಡದ ಮನುಷ್ಯ" ಎಂದರು. "ಸತ್ತ ಮೇಲಾದ್ರೂ ಬಾಯಿ ತೆಗೆದಿದ್ರು."

"ಕೆರೆದು ತೆಗೀಲಾ?"

"ತೆಗಿ. ನೀನಾಗೇ ಏನೂ ಬರೀಬೇಡ, ಅಷ್ಟೆ."

ಅವನು ಬ್ಲೇಡಿನ ಅಂಚಿನಿಂದ ಮೆಲ್ಲಗೆ ಕೆರೆದ. ಒಣಗಿದ ಸುಣ್ಣದ ಹಾಗೆ ಬಿಳಿ ಉದುರಿತು. ಗೆರೆ ಒಂದು ಕಡೆ ನಡುಗಿತ್ತು. ಒಳಗೆ ಬರೀ ಕಾಗದ. ಎರಡು ಸಾಲು ಮಾತು ಹಿಡಿಸುತ್ತದೆ ಎಂದು ಅವನ ಬೆರಳು ರೂಢಿಯಂತೆ ಅಳೆದು ನೋಡಿತು.