ಕೆಂಪು ಚಡ್ಡಿಯ ಆಕ್ಟೋಪಸ್

ಚಿತ್ರಸಮಾಜದ ಅಧ್ಯಕ್ಷರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಕಾಲೇಜು ಬಿಟ್ಟು ವರ್ಷಗಳಾಗಿದ್ದರೂ ಪಾಠ ಹೇಳುವ ಚಟ ಅವರನ್ನು ಬಿಟ್ಟಿರಲಿಲ್ಲ. ತಿಂಗಳಿಗೊಮ್ಮೆ ಲೈಬ್ರರಿಯ ಮಹಡಿಯಲ್ಲಿ ಕಬ್ಬಿಣದ ಕುರ್ಚಿ ಹಾಕಿಸಿ ಹೊರದೇಶದ ಸಿನಿಮಾ ತೋರಿಸುತ್ತಿದ್ದರು. ಮೊದಲು ಅವರ ಭಾಷಣ. ಅದನ್ನು ತಡೆದುಕೊಂಡವರಿಗೆ ಮಾತ್ರ ಸಿನಿಮಾ.

ಆ ಸಂಜೆ ಅವರ ಹೆಂಡತಿಯೂ ಬಂದಿದ್ದರು. ಮನೆಗೆ ಬಣ್ಣ ಹೊಡೆಸುತ್ತಿದ್ದರು, ವಾಸನೆಗೆ ತಲೆನೋವು. ಇಲ್ಲದಿದ್ದರೆ ಆಕೆ ಈ ಕಡೆ ತಲೆ ಹಾಕುವವರಲ್ಲ.

“ಇವತ್ತಿನದು ಜಪಾನಿನ ಮೀನುಗಾರರ ಬದುಕಿನ ಚಿತ್ರ,” ಎಂದರು ಮೇಷ್ಟ್ರು. “ಎಷ್ಟೋ ಸಲ ನೋಡಿದೀನಿ. ಪ್ರತಿ ಸಲವೂ ಕಣ್ಣು ಒದ್ದೆಯಾಗಿದೆ. ದಯವಿಟ್ಟು ಮೌನ ಇರಲಿ.”

ದೀಪ ಆರಿತು. ಪರದೆಯ ಮೇಲೆ ಕುಸ್ತಿಯ ಅಖಾಡ. ಒಂದು ಮೂಲೆಯಿಂದ ಆಳೆತ್ತರದ ಆಕ್ಟೋಪಸ್ಸು ಕೆಂಪು ಚಡ್ಡಿ ಹಾಕಿಕೊಂಡು ಬಂತು. ಎದುರು ಮೂಲೆಯಲ್ಲಿ ಏಡಿಯೊಂದು ತೊಡೆ ತಟ್ಟಲು ಹೋಗಿ, ತನ್ನ ಇಕ್ಕಳದಲ್ಲಿ ತನ್ನ ತೊಡೆಯನ್ನೇ ಹಿಡಿದುಕೊಂಡು ಚೀರಿತು. ರೆಫರಿ ಒಂದು ಮುದಿ ಆಮೆ. ಅದು ಅಖಾಡದ ಮಧ್ಯಕ್ಕೆ ಬರುವಷ್ಟರಲ್ಲಿ ಮೊದಲ ಸುತ್ತೇ ಮುಗಿದಿತ್ತು.

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಸದಸ್ಯರೊಬ್ಬರು, ಊರಿನ ಹಲ್ಲಿನ ಡಾಕ್ಟರು, ಕತ್ತು ತಿರುಗಿಸಿ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಕುರ್ಚಿಯ ತುದಿಗೆ ಸರಿದರು. ಎಷ್ಟೋ ಸಲ ನೋಡಿದೀನಿ ಅಂದಾಗಿದೆ, ಈಗ ಆಡಿದ ಮಾತನ್ನು ನುಂಗುವುದು ಹೇಗೆ?

“ಗಮನಿಸಿ,” ಎಂದರು ಗಂಭೀರವಾಗಿ. “ಆಕ್ಟೋಪಸ್ಸು ಅಂದ್ರೆ ಸಮುದ್ರ. ಏಡಿ ಮೀನುಗಾರ. ಚಡ್ಡಿ... ಚಡ್ಡಿ ನಾಗರಿಕತೆ.”

“ಅಬ್ಬಾ!” ಅಂದರು ಡಾಕ್ಟರು. ಸಮಾಜದ ಕಾರ್ಯದರ್ಶಿಯಾಗಿದ್ದ ವಿಮಾ ಏಜೆಂಟ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಏಡಿ ಆಕ್ಟೋಪಸ್ಸಿನ ಕಾಲುಗಳನ್ನೆಲ್ಲ ಜಡೆ ಹೆಣೆದು ರಿಬ್ಬನ್ ಕಟ್ಟಿತು. ಮೇಷ್ಟ್ರ ಹೆಂಡತಿ ಎಷ್ಟು ತಡೆದರೂ ಆಗದೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಷ್! ಇದು ದುಃಖದ ಜಾಗ ಕಣೇ,” ಮೇಷ್ಟ್ರು ಹಲ್ಲು ಕಚ್ಚಿದರು.

“ಹೌದಾ? ಅಷ್ಟೊಂದು ಸಲ ನೋಡಿದೀರಲ್ಲ, ಹೇಳಿ, ಕೊನೆಗೆ ಯಾರು ಗೆಲ್ತಾರೆ?”

ಕುರ್ಚಿಗಳ ಕಿರುಗುಟ್ಟುವಿಕೆ ನಿಂತಿತು.

“ಏಡಿ,” ಎಂದರು ಮೇಷ್ಟ್ರು.

ಗೆದ್ದದ್ದು ಆಮೆ. ಇಬ್ಬರೂ ಹೊಡೆದಾಡಿ ಸುಸ್ತಾಗಿ ಬಿದ್ದ ಮೇಲೆ ಅದು ತೆವಳಿಕೊಂಡು ಬಂದು, ಇಬ್ಬರ ಮೇಲೂ ಹತ್ತಿ ಕೂತು, ತನ್ನ ಕೈಯನ್ನು ತಾನೇ ಎತ್ತಿಕೊಂಡಿತು.

ದೀಪ ಹತ್ತಿತು. ಕಾರ್ಯದರ್ಶಿ ಫೋನು ಹಿಡಿದು ಎದ್ದ. “ಸಾರ್, ಕಳಿಸಿದವರು ಈಗ ಮೆಸೇಜ್ ಹಾಕಿದಾರೆ. ಡಿಸ್ಕು ಅದಲುಬದಲಾಗಿದೆಯಂತೆ. ಇದು ಬರೀ ಕಾಮಿಡಿ ಅಂತೆ.”

ಮೇಷ್ಟ್ರು ಹುಬ್ಬೇರಿಸಿದರು. “ನಂಗೆ ಗೊತ್ತಾಗಲಿಲ್ಲ ಅಂದ್ಕೊಂಡ್ರಾ? ಯಾರಿಗಾದ್ರೂ ನಗೋ ಧೈರ್ಯ ಇದೆಯಾ ಅಂತ ಪರೀಕ್ಷೆ ಮಾಡ್ದೆ.”

“ನಂಗೂ ಆಗಲೇ ಅನುಮಾನ ಬಂತು ಸಾರ್,” ಎಂದರು ಡಾಕ್ಟರು. ಎಲ್ಲರಿಗೂ ಆಗಲೇ ಅನುಮಾನ ಬಂದಿತ್ತಂತೆ. ಜೋರು ಚಪ್ಪಾಳೆ ಬಿತ್ತು.

“ಹಾಗಾದ್ರೆ ಪಾಸಾದವಳು ನಾನೊಬ್ಬಳೇ,” ಅಂದರು ಹೆಂಡತಿ. ಚಪ್ಪಾಳೆ ತಟ್ಟನೆ ನಿಂತಿತು.

ಮುಂದಿನ ತಿಂಗಳು ಸರಿಯಾದ ಡಿಸ್ಕು ಬಂತು. ದೋಣಿ ಮುಳುಗಿ, ದಡದಲ್ಲಿ ಮುದುಕನೊಬ್ಬ ಮಗನ ಹೆಸರು ಹಿಡಿದು ಕೂಗುತ್ತಿದ್ದ. ಅಳಬೇಕೋ ನಗಬೇಕೋ ತಿಳಿಯದೆ ಎಲ್ಲರೂ ಮೇಷ್ಟ್ರತ್ತ ತಿರುಗಿದರು. ಭಾಷಣದ ಆಯಾಸಕ್ಕೆ ಅವರು ನಿದ್ದೆ ಹೋಗಿದ್ದರು. ಅದನ್ನು ನೋಡಿ ಡಾಕ್ಟರೂ ಭಕ್ತಿಯಿಂದ ಕಣ್ಣು ಮುಚ್ಚಿಕೊಂಡರು.