ಅಪ್ಪನ ಅಳತೆಯ ಮೇಜು

ಇಸ್ತ್ರಿ ಅಂಗಡಿಯ ಉದ್ದಣ್ಣ ಸೊಂಟನೋವೆಂದು ಮಲಗಿ ಹನ್ನೆರಡು ದಿನವಾಗಿತ್ತು. ಬೀದಿಯವರೆಲ್ಲ ಸುಕ್ಕು ಬಟ್ಟೆಯಲ್ಲೇ ಓಡಾಡುತ್ತಿದ್ದರು. "ಅಲುಗಾಡಬೇಡ ಮಗಾ, ನೋವು ಹೆಚ್ಚಾಗುತ್ತೆ" ಎಂದು ತಾಯಿ ಊಟವನ್ನೂ ಹಾಸಿಗೆಗೇ ತರುತ್ತಿದ್ದರು. ಅಂಗಡಿ ಮಾರಿಬಿಡುವ ಮಾತೂ ಮನೆಯಲ್ಲಿ ಎದ್ದಿತ್ತು. ಅವನಿಗೋ ಬೇರೆ ಕೆಲಸ ಬಾರದು.

ಹೆಂಡತಿ ಹೋಗಿ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕರೆತಂದಳು.

"ಎಲ್ಲಾದ್ರೂ ಬಿದ್ರಾ ಅಣ್ಣ? ಜ್ವರ ಇದೆಯಾ? ಕಾಲು ಜೋಮು ಹಿಡಿಯುತ್ತಾ? ಮಲ ಮೂತ್ರ ಹಿಡಿತದಲ್ಲಿದೆಯಾ?"

"ಅಂಥದ್ದೇನಿಲ್ಲ, ನೋವೊಂದೇ."

ನರ್ಸಮ್ಮ ಅವನ ಕಾಲುಗಳನ್ನು ಒಂದೊಂದಾಗಿ ಎತ್ತಿ, ಪಾದ ಒತ್ತಿಸಿ ನೋಡಿದರು. "ದೇವರು ದೊಡ್ಡವನು, ಕಾಲಲ್ಲಿ ಬಲ ಇದೆ. ಏಳಿ."

ತಾಯಿ ಅಡ್ಡ ಬಂದರು. "ಏಳೋದಾ? ನಿಮಗೆ ಕರುಣೆ ಇಲ್ವಾ?"

"ಕರುಣೆ ಇರೋದಕ್ಕೇ ಎಬ್ಬಿಸ್ತಿದ್ದೀನಿ ಅಮ್ಮಾ. ಮಲಗಿದಷ್ಟೂ ಬೆನ್ನು ಬಿಗಿಯುತ್ತೆ. ಅಣ್ಣಾ, ಮೊದಲು ಪಕ್ಕಕ್ಕೆ ಹೊರಳಿ. ಕಾಲು ಕೆಳಗಿಳಿಸಿ. ಈಗ ಕೈ ಊರಿ ಏಳಿ."

"ಅಯ್ಯಯ್ಯೋ!"

"ಕೂಗ್ತಾನೇ ಏಳಿ, ಪರವಾಗಿಲ್ಲ."

ಹೆಂಡತಿಯ ಭುಜ ಹಿಡಿದು ಅವನು ಮುಂದಿನ ಕೋಣೆಗೆ ಬಂದ. ಅದೇ ಅಂಗಡಿ.

"ದಿನಾ ಹೇಗೆ ನಿಲ್ತೀರೋ ಹಾಗೆ ನಿಲ್ಲಿ," ಎಂದರು ನರ್ಸಮ್ಮ.

ಮೇಜು ಅವನ ಸೊಂಟದವರೆಗೂ ಬರುತ್ತಿರಲಿಲ್ಲ. ಉದ್ದಣ್ಣ ಅರ್ಧಕ್ಕರ್ಧ ಬಾಗಿದ.

"ಇದು ಯಾರ ಅಳತೆಗೆ ಮಾಡಿದ ಮೇಜು?"

"ನಮ್ಮ ಯಜಮಾನರದ್ದು," ಎಂದರು ತಾಯಿ. "ಕೈಯಾರೆ ಮಾಡಿದ್ದು. ಅವರು ಹೋದ ಮೇಲೂ ಅದಕ್ಕೆ ಕೈ ಮುಗಿದೇ ಇವನು ಕೆಲಸ ಹಿಡಿಯೋದು. ಬೇರೆ ಮೇಜಿನ ಮಾತು ಎತ್ತಬೇಡಿ."

"ಯಜಮಾನರು ಎಷ್ಟೆತ್ತರ ಇದ್ರು?"

ತಾಯಿ ಮಗನ ಪಕ್ಕ ನಿಂತು ಕೈ ಎತ್ತಿದರು. ಕೈ ಅವನ ಎದೆಯ ಹತ್ತಿರ ನಿಂತಿತು. ಅದನ್ನೂ ಮಗನ ತಲೆಯನ್ನೂ ನೋಡಿದರು. ಆಮೇಲೆ ನಕ್ಕರು. "ಇಷ್ಟೇ ನೋಡಮ್ಮಾ. ಮದುವೇಲಿ ನನಗಿಂತ ಗಿಡ್ಡ ಅಂತ ಎಲ್ಲರೂ ಆಡಿಕೊಂಡಿದ್ರು!"

"ಮೇಜು ಇದೇ ಇರಲಿ. ಎತ್ತರ ಮಾಡೋಣ."

ಮರದ ತುಂಡುಗಳನ್ನು ತಾಯಿಯೇ ಹುಡುಕಿ ತಂದರು. ಜಾರದಂತೆ ನಾಲ್ಕು ಕಾಲಿಗೂ ಕೂರಿಸಿದಾಗ ಮೇಜು ಉದ್ದಣ್ಣನ ಮೊಣಕೈಗಿಂತ ಸ್ವಲ್ಪವೇ ಕೆಳಗೆ ಬಂತು. ಬಟ್ಟೆಗಂಟು ಎತ್ತುವಾಗ ಮಂಡಿ ಬಾಗಿಸಿ, ಗಂಟನ್ನು ಹೊಟ್ಟೆಗೆ ಅವುಚಿಕೊಂಡು ಏಳಬೇಕೆಂದು ನರ್ಸಮ್ಮ ತಾವೇ ಎತ್ತಿ ತೋರಿಸಿದರು. "ಅರ್ಧ ಗಂಟೆಗೊಮ್ಮೆ ನಾಲ್ಕು ಹೆಜ್ಜೆ ನಡೀರಿ. ಬಿಸಿನೀರಿನ ಶಾಖ ಕೊಡಿ. ನೋವು ಒಂದೇ ದಿನಕ್ಕೆ ಹೋಗಲ್ಲ, ಹೆದರಬೇಡಿ."

ಮೊದಲ ದಿನ ಒಂದೇ ಅಂಗಿ. ವಾರದ ಹೊತ್ತಿಗೆ ದಿನಕ್ಕೆ ಹತ್ತು. ತಿಂಗಳಾಗುವಷ್ಟರಲ್ಲಿ ಉದ್ದಣ್ಣ ಬೀದಿಯ ಬಟ್ಟೆಯನ್ನೆಲ್ಲ ನೆಟ್ಟಗೆ ನಿಂತು ತೀಡುತ್ತಿದ್ದ. ಅಂಗಡಿ ಕೊಳ್ಳಲು ಒಬ್ಬರು ಬಂದರು. ತಾಯಿ ಬಾಗಿಲಲ್ಲೇ ತಡೆದರು.

"ಬಟ್ಟೆ ಇದ್ರೆ ಕೊಟ್ಟು ಹೋಗಿ. ಅಂಗಡಿ ಕೊಡಲ್ಲ!"

ಅಕ್ಕಂದಿರೇ, ಅಣ್ಣಂದಿರೇ, ದುಡಿಯುವ ಬೆನ್ನು ಭಗವಂತ ಒಪ್ಪಿಸಿದ ಬೆನ್ನು. ನೋವೆಂದು ಹಾಸಿಗೆ ಹಿಡಿಯಬೇಡಿ, ಆದಷ್ಟು ನಡೆದಾಡಿ. ಕಾಲು ಸೋತರೆ, ಜೋಮು ಹಿಡಿದರೆ, ಜ್ವರ ಬಂದರೆ, ಬಿದ್ದು ನೋವಾದರೆ, ಮಲ ಮೂತ್ರದ ಹಿಡಿತ ತಪ್ಪಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಿ. ಮತ್ತೆ ಇವತ್ತೇ, ನೀವು ಕೆಲಸ ಮಾಡುವ ಜಾಗದಲ್ಲಿ ಒಮ್ಮೆ ನಿಂತು ನೋಡಿ: ಅದು ನಿಮ್ಮ ಅಳತೆಗಿದೆಯೇ?