ಭಟ್ಟರು ಓದಿ ಹೇಳಿದ ನೋಟೀಸು

ಕೇರಳದ ಗಡಿಯೊಳಗಿನ ವರ್ಕಾಡಿ ಪೇಟೆಯಲ್ಲಿ ಯಾರಿಗೆ ಮಲಯಾಳದ ಕಾಗದ ಬಂದರೂ ಅದು ಕೊನೆಗೆ ಸೇರುವುದು ವೆಂಕಟಕೃಷ್ಣ ಭಟ್ಟರ ಜಗಲಿಯನ್ನೇ. ವಿಲ್ಲೇಜ್ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಓದಿ ಅರ್ಥ ಹೇಳುವುದಲ್ಲದೆ, ಕೇಳದಿದ್ದರೂ ಉತ್ತರ ಬರೆದುಕೊಡುವ ಚಪಲ ಬೇರೆ. ಆ ಚಪಲವೇ 2011ರ ಒಂದು ಬೆಳಿಗ್ಗೆ ಅವರನ್ನು ಚೆನ್ನಾಗಿ ಸಿಕ್ಕಿಹಾಕಿಸಿತು.

ಬಂದವಳು ಪ್ರೇಮಾವತಿ. ಭಟ್ಟರ ಕಟ್ಟಡದಲ್ಲಿ ಹತ್ತೊಂಬತ್ತು ವರ್ಷದಿಂದ ಟೈಲರ್ ಅಂಗಡಿ ಇಟ್ಟುಕೊಂಡವಳು; ಅದೇ ಅವಳ ಅನ್ನ. ಕೈಯಲ್ಲಿ ಒಡೆದ ರಿಜಿಸ್ಟರ್ಡ್ ಲಕೋಟೆ.

“ಇದೆಂತ ನೋಡಿ ಭಟ್ರೇ. ನನಗೆ ಮಲಯಾಳ ಓದ್ಲಿಕ್ಕೆ ಬರುದಿಲ್ಲ ಅಲ್ವಾ?”

ಭಟ್ಟರು ಕಾಗದ ಬಿಡಿಸಿ ನೋಡಿದರು. ಅದು ಅವರೇ ಕಾಸರಗೋಡಿನ ವಕೀಲರಿಂದ ಕಳಿಸಿದ ನೋಟೀಸು! ಮಗಳು ಶ್ರೀರಂಜಿನಿ ಹಲ್ಲಿನ ಡಾಕ್ಟರಾಗಿ ಬಂದಿದ್ದಳು, ಕ್ಲಿನಿಕ್ಕಿಗೆ ಕೋಣೆ ಬೇಕಿತ್ತು. ಪ್ರೇಮಾವತಿಯ ಮುಖ ನೋಡಿ ಹೇಳಲು ನಾಲಿಗೆ ಏಳದೆ ವಕೀಲರನ್ನು ಹಿಡಿದಿದ್ದರು. ಊರಿನ ಕಾಗದವೆಲ್ಲ ತನ್ನ ಜಗಲಿಗೇ ಬರುತ್ತದೆಂಬುದನ್ನು ಈ ಮಹಾ ಬುದ್ಧಿವಂತರು ಮರೆತೇಬಿಟ್ಟಿದ್ದರು.

“ಕನ್ನಡಕ ಎಲ್ಲಿ ಹೋಯ್ತೋ...”

“ಮೂಗಿನ ಮೇಲೆಯೇ ಉಂಟು” ಎಂದರು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸತ್ಯವತಿ.

ಓದದೆ ವಿಧಿಯಿರಲಿಲ್ಲ. ಮಾಲಿಕರಿಗೆ ಸ್ವಂತ ಅಗತ್ಯ, ಮೂವತ್ತು ದಿನದೊಳಗೆ ಕೋಣೆ ಬಿಡಬೇಕು, ತಪ್ಪಿದರೆ ಬಾಡಿಗೆ ಕೋರ್ಟಿನಲ್ಲಿ ಕೇಸು. ಹೆಸರು ಬರುವಲ್ಲಿ ಕೆಮ್ಮಿದರು.

“ಮಾಲಿಕರು ಯಾರಂತೆ?”

“ನಾನೇ” ಎಂದರು ಭಟ್ಟರು, ನೆಲ ನೋಡುತ್ತಾ.

“ಹಾಗಾದ್ರೆ ಬರುವ ತಿಂಗಳು ಬೀಗ ಹಾಕ್ತೀರಾ?”

“ಹಾಗೆಲ್ಲ ಹಾಕ್ಲಿಕ್ಕೆ ಉಂಟಾ?” ಒಳಗಿನ ಗುಮಾಸ್ತ ಎದ್ದು ಕುಳಿತ. “ನೋಟೀಸು ಬಂತೂಂತ ಯಾರೂ ಕೋಣೆ ಬಿಟ್ಟು ಏಳ್ಬೇಕಾಗಿಲ್ಲ. ಅಗತ್ಯ ನಿಜಾಂತ ನಾನು ಕೋರ್ಟಿನಲ್ಲಿ ತೋರಿಸ್ಬೇಕು. ಗೆದ್ರೂ ನಿನಗೆ ಅಪೀಲು ಉಂಟು. ಎಲ್ಲ ಮುಗಿದ ಮೇಲೆ ಕೋಣೆ ಬಿಡಿಸ್ಲಿಕ್ಕೆ ಕೋರ್ಟಿನ ಅಮೀನ ಬರುದು. ಅದಕ್ಕೆ ಮೊದಲು ನಾನು ಬೀಗ ಮುಟ್ಟಿದ್ರೆ ನನ್ನ ಮೇಲೆಯೇ ಕೇಸು!”

“ಉತ್ತರವೂ ನೀವೇ ಬರೆದುಕೊಡಿ ಭಟ್ರೇ.”

ಬಿಸಿತುಪ್ಪ, ನುಂಗಲಾರರು, ಉಗುಳಲಾರರು. ಆದರೆ ಪೆನ್ನು ಕೈಗೆ ಬಂದ ಮೇಲೆ ಭಟ್ಟರಿಗೆ ತನ್ನವರು, ಪರರು ಎಂಬ ಭೇದವಿಲ್ಲ. ಮಾಲಿಕನೆಂಬವನನ್ನು ಎರಡು ಪುಟ ತರಾಟೆಗೆ ತೆಗೆದುಕೊಂಡರು. ಮಾಲಿಕನ ಕೈಯಲ್ಲಿ ಅದೇ ಊರಿನಲ್ಲಿ ಬೇರೆ ಖಾಲಿ ಕೋಣೆಯಿದ್ದರೆ ಸ್ವಂತ ಅಗತ್ಯದ ವಾದ ನಿಲ್ಲುವುದು ಕಷ್ಟ ಎಂದು ಗಟ್ಟಿಯಾಗಿ ಹೇಳುತ್ತಾ ಬರೆಯುವಾಗ ಪೆನ್ನು ಗಕ್ಕನೆ ನಿಂತಿತು.

“ನನ್ನ ಅಂಗಡಿ ಪಕ್ಕದ ಕೋಣೆ?” ಎಂದಳು ಪ್ರೇಮಾವತಿ.

ಅಲ್ಲಿದ್ದದ್ದು ಹನ್ನೊಂದು ವರ್ಷದಿಂದ ಅಲುಗದ ಸ್ಕೂಟರು, ಭಟ್ಟರು ಗುಜರಿಗೆ ಕೊಡಲೊಪ್ಪದ ಹಳೆಯ ಪೇಪರಿನ ಕಟ್ಟುಗಳು.

“ನಾನು ಹೇಳಿ ಹೇಳಿ ಸಾಕಾಯ್ತು” ಎಂದರು ಸತ್ಯವತಿ. ಮೂವರಿಗೂ ನಗು ತಡೆಯಲಾಗಲಿಲ್ಲ.

ವಾರದಲ್ಲಿ ವಕೀಲರ ಫೋನು. “ಅವಳ ಉತ್ತರ ಬಂತು ಭಟ್ರೇ. ಬರೆದವ ಯಾರೋ ಗಟ್ಟಿಗ. ರಾಜಿ ಆಗುದೇ ಒಳ್ಳೆದು.” ಭಟ್ಟರು ಹಿಗ್ಗಿ ಹೀರೇಕಾಯಿಯಾದರು.

ಕ್ಲಿನಿಕ್ಕು ಪಕ್ಕದ ಕೋಣೆಯಲ್ಲೇ ಶುರುವಾಯಿತು. ಬಾಗಿಲಿಗೆ ಪ್ರೇಮಾವತಿ ಹೊಲಿದ ಹಸಿರು ಪರದೆ. ಪಾಯಸ ಕುಡಿಯುತ್ತಾ ಭಟ್ಟರು ಅವಳನ್ನು ಕೇಳಿದರು, “ನಾನು ಓದಿ ಹೇಳದಿದ್ರೆ ನಿನಗೆ ಗೊತ್ತೇ ಆಗ್ತಿರ್ಲಿಲ್ಲ, ಅಲ್ವಾ?”

“ಪೋಸ್ಟಿನ ಮಹಾಬಲಣ್ಣ ಅಂಗಡಿಯಲ್ಲೇ ಓದಿ ಹೇಳಿದ್ರು ಭಟ್ರೇ. ಹತ್ತೊಂಬತ್ತು ವರ್ಷ ಆಯ್ತಲ್ಲ, ಏಳೂಂತ ಹೇಳುದಾದ್ರೆ ನಿಮ್ಮ ಬಾಯಿಂದಲೇ ಕೇಳುವಾಂತ ಬಂದದ್ದು.”